ಚಾವ್

ಪಾಲಿಬೆಟ್ಟದ ನಮ್ಮ ಹೋಮ್‌ಸ್ಟೇಯಲ್ಲಿ
ಆ ವಾರ ತುಂಬಿದ್ದು ಎರಡೇ ಕೋಣೆ.
ಒಂದರಲ್ಲಿ ಕಾಫಿ ಕೊಳ್ಳಲು ಬಂದ ಇಟಲಿಯ ಎರ್ಮಿನಿಯೊ,
ಇನ್ನೊಂದರಲ್ಲಿ ಇಥಿಯೋಪಿಯಾದ ವುಬಿತ್,
ದೇಶ ಬಿಟ್ಟದ್ದೇ ಇದು ಮೊದಲು.

ಅವನು ನೂಪುಟ್ಟನ್ನು ಫೋರ್ಕಿಗೆ ಸುತ್ತಿ ಸುತ್ತಿ
‘ನಮ್ಮಮ್ಮನಿಗೂ ಇಷ್ಟು ತೆಳ್ಳಗೆ ಬರಲ್ಲ’ ಅಂದ.
ಅವಳು ಕೈಯಲ್ಲೇ ಕಲಸಿದಳು, ನಮ್ಮ ಹಾಗೆ.
ಪಂದಿಕರಿ ಬೇಡ; ಕೋಳಿ ಎರಡು ಸಲ.

ಸಂಜೆ ಅವನು ಪುಟ್ಟ ಅಲ್ಯೂಮಿನಿಯಂ ಕೆಟಲಿನಲ್ಲಿ
ಕಡುಗಪ್ಪು ಕಾಫಿ ಕಾಸಿದ.
ಕಣ್ಣು ಮುಚ್ಚಿ ಕುಡಿಯಬೇಕಂತೆ.
ತೆರೆದೇ ಕುಡಿದಳು.
‘ಚೆನ್ನಾಗಿದೆ. ಬೀಜ ನಮ್ಮದು.’
ತೋಟ ನನ್ನದು, ಬಾಯಿ ತೆರೆದೆ,
ಮುಚ್ಚಿಕೊಂಡೆ. ಕಾಫಿಯ ತವರು ಆ ಕಡೆಯೇ.

ಅಜ್ಜಿ ಗುಹೆಯಲ್ಲಿ ಅಡಗಿದ್ದಳಂತೆ,
ಇವನೂರಿನ ವಿಮಾನಗಳು ವಿಷ ಸುರಿದಾಗ.
ಸಕ್ಕರೆ ಕಲಕುತ್ತ ಹೇಳಿದಳು.
ಎರ್ಮಿನಿಯೊನ ಚಮಚ ನಿಂತಿತು.

ಹೊರಟ ಬೆಳಗ್ಗೆ, ಜೀಪಿನಿಂದ ಕೈಬೀಸಿ:
‘ಚಾವ್!’
ದೇಚವ್ವನ ಕೈಯ ಮೊರ ಜಾರಿತು.
‘ಚಾವಾ? ಯಾರದು?’
ಕೊಡವ ತಕ್ಕಿನಲ್ಲಿ ಅದು ಸಾವು.
ಅರ್ಥ ಬಿಡಿಸಿ ಹೇಳಿದೆ. ಅವನು ಬಿಳಿಚಿದ,
ಅವಳು ನಕ್ಕಳು, ತುಂಬ ಹೊತ್ತು.
‘ಇವರದೇ ಮಾತು. ಇವರು ಹೋದರು, ಅದು ಉಳಿಯಿತು.
ನಾವು ಹೊರಡುವಾಗ ಬಳಸ್ತೀವಿ.’

ಚೆಲ್ಲಿದ ಅಕ್ಕಿ ಬಾಚುತ್ತ ದೇಚವ್ವ ಗದರಿದಳು:
‘ಹೋಗಿ ಬರ್ತೀನಿ ಅನ್ನು, ಹುಡುಗಿ.’
ಮೂರನೇ ಸಲಕ್ಕೆ ನಾಲಗೆ ಹೊರಳಿತು.
ಅವನೂ ಗೇಟಿನ ಬಳಿ ನಿಂತು
ಸದ್ದಿಲ್ಲದೆ ತುಟಿ ಆಡಿಸುತ್ತಿದ್ದ.