ಸರಿ, ಬೆಸ

ಹೋದ ಭಾನುವಾರವೇ ಒಬ್ಬಳೇ ಬಂದು ನೋಡಿ ಹೋಗಿದ್ದೆ ಚಂದ್ರವಳ್ಳಿಯನ್ನು,
ಬಗಲಲ್ಲಿ ಹಳೇ ಹಾಜರಿ ಪುಸ್ತಕ.
ಬಸ್ಸು ಎಲ್ಲಿ ತಿರುಗೀತು, ಹೆಣ್ಣುಮಕ್ಕಳು ಎಲ್ಲಿ ಹೋಗಿಬಂದಾರು,
ನಲ್ಲಿ ತಿರುವಿದರೆ ನೀರೋ, ಬರೀ ಗಾಳಿಯೋ,
ಯಾವ ಬಂಡೆಯ ಕಂಕುಳಲ್ಲಿ ಹೆಜ್ಜೇನು ಕಟ್ಟಿದೆ.
ಮೂರು ಗೂಡು. ಅವುಗಳ ಕೆಳಗೆ ಬುತ್ತಿ ಬಿಚ್ಚುವಂತಿಲ್ಲ,
ಸೀಟಿ ಊದುವಂತಿಲ್ಲ.
ಘಮ್ಮೆಂದು ಅತ್ತರು ಪೂಸಿ ಬರುವ ನಮ್ಮ ಡ್ರಿಲ್ ಮಾಸ್ತರಿಗೂ
ಹೇಳಬೇಕು, ಹೇಗಂತ ಗೊತ್ತಿಲ್ಲ.

ಕೆರೆಯ ಅಂಚಿಗೆ ಪಾಚಿ.
ಚಪ್ಪಲಿ ಬಿಟ್ಟು ಕಾಲಿಟ್ಟು ನೋಡಿದೆ, ಜಾರಿತು.
ಬರೆದುಕೊಂಡೆ: ಜಾರಿತು.

ಒಪ್ಪಿಗೆ ಪತ್ರಗಳು ಬಂದವು
ಎಣ್ಣೆ ಕಲೆ, ಅರಿಶಿನದ ಬೆರಳು, ನೀಲಿ ಹೆಬ್ಬೆಟ್ಟು ಹೊತ್ತು.
'ಮಗುವಿಗೆ ಕಾಯಿಲೆ ಏನಾದರೂ?' ಎಂಬಲ್ಲಿ
ಪಾಲಾಕ್ಷನ ತಾಯಿ ಯಾರಿಂದಲೋ ಬರೆಸಿದ್ದಳು:
'ಕತ್ತಲಿಗೆ ಹೆದರ್ತಾನೆ. ಹುಡುಗ್ರಿಗೆ ಹೇಳಬ್ಯಾಡ್ರಿ.'

ಜಗಳೂರು ದಾಟುವ ಮೊದಲೇ ಚಮನ್‌ಸಾಬ್‌ಗೆ ಸಿಟ್ಟು ಬಂದಿತ್ತು.
ಬ್ರೇಕು ಕೇಳಿದೆ, ಸ್ಟೆಪ್ನಿ ಕೇಳಿದೆ, ರಾತ್ರಿ ನಿದ್ದೆ ಆಯಿತಾ ಕೇಳಿದೆ.
'ಬ್ರೇಕ್ ಹಾಕಿ ತೋರಿಸ್ಲಾ ಮೇಡಂ?'
ತೋರಿಸಿ, ಅಂದೆ.
ತೋರಿಸಿದ. ಚಿತ್ರಾನ್ನದ ಡಬರಿ ಹಂಪಮ್ಮನ ಮಡಿಲಿಗೆ ಬಂತು.

ನಲವತ್ತಮೂರು ಮಕ್ಕಳು. ಬೆಸ ಸಂಖ್ಯೆ.
ಜೋಡಿ ಮಾಡಿದರೆ ಒಬ್ಬ ಉಳಿಯುತ್ತಾನೆ,
ಉಳಿದವನು ನನ್ನ ಕೈಗೆ. ಪಾಲಾಕ್ಷನೇ ಉಳಿಯುವ ಹಾಗೆ
ಸಾಲು ಕಟ್ಟಿದ್ದೆ, ಅವನಿಗೂ ಗೊತ್ತಾಗದಂತೆ.

ಗುಹೆಯ ಬಾಗಿಲು ಮೊಣಕಾಲು ಮಡಿಸಿದವರಿಗೆ ಮಾತ್ರ.
ಹತ್ತು ಹತ್ತು ಜನ, ಮುಂದೆ ಗೈಡಿನ ಬ್ಯಾಟರಿ,
'ತಲೆ, ತಲೆ' ಎಂಬ ಕೂಗು ಒಳಗೊಳಗೇ ಇಳಿಯುತ್ತಾ.
ಅಷ್ಟರಲ್ಲಿ ನಸೀಮಾಳ ಮೂಗಿಂದ ರಕ್ತ.
ಅವನ ಕೈ ಬಿಟ್ಟೆ.
ಒದ್ದೆ ಬಟ್ಟೆ ಹಿಡಿದು, ಮೂಗು ಒತ್ತಿ, ತಲೆ ಮುಂದಕ್ಕೆ ಬಾಗಿಸಿ,
ತಿರುಗಿ ನೋಡಿದರೆ
ಅವನಿಲ್ಲ. ಗುಹೆಯ ಬಾಯಿ ಇತ್ತು.

ಆಮೇಲೆ ಬಿಸಿಲಿಗೆ ಬಂದರು ಒಬ್ಬೊಬ್ಬರೇ, ಕಣ್ಣು ಉಜ್ಜುತ್ತಾ.
ತಲೆ ಮುಟ್ಟಿ ಎಣಿಸಿದೆ. ಕೊಬ್ಬರಿ ಎಣ್ಣೆ, ರಿಬ್ಬನ್ನು, ಎಣ್ಣೆ.
ನಲವತ್ತನಾಲ್ಕು.
ಇನ್ನೊಮ್ಮೆ ಎಣಿಸಿದೆ.
ನಲವತ್ತನಾಲ್ಕು.

ಕಡಿಮೆ ಬಿದ್ದರೆ ಏನು ಮಾಡಬೇಕೆಂದು ನನ್ನ ಬಳಿ ಒಂದು ಪುಟ ಇತ್ತು:
ಯಾರು ಎಲ್ಲಿ ನಿಲ್ಲುವುದು, ಯಾರಿಗೆ ಮೊದಲು ಫೋನು.
ಹೆಚ್ಚು ಬಂದರೆ?

ಸಮವಸ್ತ್ರದ ನಡುವೆ ಒಂದು ಗುಲಾಬಿ ಫ್ರಾಕು,
ಬೆನ್ನಿಗೆ ಗುಂಡಿಯಿಲ್ಲ, ಪಿನ್ನಿದೆ.
ಪಾಲಾಕ್ಷನ ಕೈ ಇನ್ನೂ ಅವಳ ಕೈಯಲ್ಲಿ.
'ಅಳ್ತಿದ್ದ. ಒಳಗೆ ಎಲ್ಲೆಲ್ಲಿ ಮೆಟ್ಲು ಐತೆ ಅಂತ ನಂಗೊತ್ತು,'
ಅಂದಳು ಹೊನ್ನೂರಿ.
ಯಾವ ಶಾಲೆ, ಅಂದೆ.
'ಇಲ್ಲೇ,' ಅಂತ ಗೇಟು ತೋರಿಸಿದಳು.

ಗೇಟಿನ ಹತ್ತಿರ ಬೇಯಿಸಿದ ಶೇಂಗಾದ ಪುಟ್ಟಿ, ಹಬೆ, ಅವಳ ತಾಯಿ.
'ತಪ್ಪಿಸ್ಕಂಡಿದ್ಲೇನ್ರಿ?'
ಇಲ್ಲ. ನಮ್ಮ ಹುಡುಗ ತಪ್ಪಿಸಿಕೊಂಡಿದ್ದ.

ಬಸ್ಸಲ್ಲಿ ಕೊನೆಯ ಎಣಿಕೆ. ನಲವತ್ತಮೂರು.
ಪಟ್ಟಿಗೂ ಸೀಟಿಗೂ ತಾಳೆ.
'ಸರೀನಾ ಮೇಡಂ?' ಕೂಗಿದ ಚಮನ್‌ಸಾಬ್.
ಬೆಸ, ಅಂದೆ.
ಅವನಿಗೆ ಕೇಳಿಸಲಿಲ್ಲ. ಗೇರು ಹಾಕಿದ.

ವರದಿಯಲ್ಲಿ 'ಅನಿರೀಕ್ಷಿತ ಘಟನೆ'ಗೆ ಒಂದೇ ಗೆರೆ ಜಾಗ.
ಮೂಗಿನ ರಕ್ತ, ಒಂದು, ಎಂದು ಬರೆದೆ.
ಕೈ ಬಿಟ್ಟದ್ದನ್ನು ಅಂಚಿನಲ್ಲಿ ಬರೆದೆ, ಸಣ್ಣ ಅಕ್ಷರದಲ್ಲಿ,
ಆದರೆ ಬರೆದೆ.

ಸೋಮವಾರ ದುರ್ಗದ ಆಫೀಸಿಗೆ ಫೋನು ಮಾಡಿದೆ,
ಶಾಲೆಗೆ ಸೇರದ ಮಗುವಿನ ವಿಷಯ.
ಎರಡು ಸಲ ಎತ್ತಲಿಲ್ಲ.
ಮೂರನೆಯ ಸಲ, 'ಎಷ್ಟು ಮಕ್ಕಳು?' ಅಂದರು.
ಒಂದು, ಅಂದೆ.
'ಒಂದೇನಾ?'