ಹಾರ್ಮರನ ಕೆಮ್ಮು

ಕಪುಂಡದ ದೊಡ್ಡ ಬೀದಿಯಲ್ಲಿ
ಬೆವನ್ ಟ್ರೆಲೋರನ ಕುದುರೆ ಜೀನಿನ ಅಂಗಡಿ.
ಕಣ್ಣು ಮುಚ್ಚಿ ಮೂಸಿದರೆ ಸಾಕು ಅವನಿಗೆ,
ಇದು ಹೋರಿ, ಇದು ಕಾಂಗರೂ,
ಇದು ಹದ ತಪ್ಪಿದ ಅಗ್ಗದ ಮಾಲು.
ಇಮೇಲಿಗೆ ವಾಸನೆಯಿಲ್ಲ.

ಲೆಕ್ಕ ನನ್ನದು. ವಾರಕ್ಕೆರಡು ದಿನ,
ಗಂಟೆಗಿಷ್ಟು ಎಂದು ಕೂಲಿ, ಚಹಾ ಪುಕ್ಕಟೆ.
ಮಂದಾಕಿನಿ ಎನ್ನಲಾರದೆ ಮ್ಯಾಂಡಿ ಅನ್ನುತ್ತಾನೆ.

ಆ ಗುರುವಾರ ಬಂದದ್ದು ಚರ್ಮದ ಹಾರ್ಮರನ ಪತ್ರವೇ.
ಅದೇ ಮುದ್ರೆ, ಅದೇ ಬಿಲ್ ನಂಬರು,
ಕೊನೆಗೆ ಅದೇ ‘ಮಂಡಿನೋವು ಹೇಗಿದೆ ಬೆವ್?’
ಬ್ಯಾಂಕು ಬದಲಾಗಿದೆಯಂತೆ, ಇನ್ನು ಈ ಖಾತೆಗೆ ಹಾಕಬೇಕಂತೆ.
ಹನ್ನೊಂದು ಸಾವಿರದ ನಾನೂರು ಡಾಲರು.
ಒತ್ತಿದ್ದು ನಾನು.

ಬೆರಳಿಗೆ ಏನೂ ತಾಕಲಿಲ್ಲ.

ಆಮೇಲೆ ವಿಳಾಸವನ್ನು ಹಿಗ್ಗಿಸಿ ನೋಡಿದರೆ
ಎಮ್ ಇರಬೇಕಾದಲ್ಲಿ ಆರ್, ಎನ್
ಮೈಗೆ ಮೈ ಒತ್ತಿ ನಿಂತಿದ್ದವು,
ಒಂದೇ ಕೋಟು ತೊಟ್ಟ ಇಬ್ಬರು ಕಳ್ಳರು.
‘ಷ’ದ ಹೊಟ್ಟೆಗೆ ಗೀರು ಮರೆತು ‘ಪ’ ಬರೆದೆನೆಂದು
ಎರಡನೇ ಕ್ಲಾಸಿನಲ್ಲಿ ಚಂಪಾಬಾಯಿ ಟೀಚರು
ಗೆಣ್ಣಿಗೆ ಬಾರಿಸಿದ್ದರು.
ಸಾಲಲಿಲ್ಲ ಕಾಣುತ್ತದೆ.

ಬ್ಯಾಂಕಿನವರು ನಲವತ್ತು ನಿಮಿಷ ಪಿಯಾನೋ ಕೇಳಿಸಿ
‘ನೋಡೋಣ’ ಎಂದರು.
ಬೆವನ್ ಮೇಣದ ದಾರ ಎಳೆಯುತ್ತಾ,
‘ಹೊಲಿಗೆ ಬಿಟ್ಟರೆ ಬೀಳುವವನು ಸವಾರ’ ಅಂದ,
ನನಗೋ, ಸೂಜಿಗೋ.

ಕೋಟೆ ಸೂರೆ ಹೋದ ಮೇಲೆ
ದಿಡ್ಡಿ ಬಾಗಿಲು ಹಾಕಿದರಂತೆ. ಹಾಕಿದೆವು ನಾವೂ.
ಅವನ ಪಾಸ್‌ವರ್ಡು ಎಲ್ಲ ಕಡೆಯೂ ಒಂದೇ, ನಾಯಿಯ ಹೆಸರು.
ನಾಯಿ ಸತ್ತು ಆರು ವರ್ಷ.
ದುಡ್ಡು ಹೋದಾಗ ಒಣಗಿಯೇ ಇದ್ದ ಕಣ್ಣು
ಅದನ್ನು ಅಳಿಸುವಾಗ ತುಂಬಿತು.
‘ಬೇರೆ ಎಲ್ಲಾದರೂ ಬರೆದಿಡು ಮ್ಯಾಂಡಿ’ ಅಂದ.
ಲೆಕ್ಕದ ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದಿದ್ದೇನೆ.

ಈಗ ಲಾಗಿನ್ನಿಗೆ ಎರಡು ಬೀಗ.
ಎರಡನೆಯದರ ಆರಂಕಿ ಅವನ ಫೋನಿಗೆ ಬರುತ್ತದೆ,
ಎದುರಿನ ಬೇಕರಿಗೂ ಕೇಳುವಂತೆ ಕೂಗಿ ಹೇಳುತ್ತಾನೆ.
‘ಮೆಲ್ಲಗೆ, ಮೆಲ್ಲಗೆ’ ಅನ್ನುತ್ತೇನೆ. ಮತ್ತೆ ಕೂಗುತ್ತಾನೆ.

ಮತ್ತು ಖಾತೆ ಬದಲೆಂದು ಯಾರು ಬರೆದರೂ,
ಪತ್ರದಲ್ಲಿರುವ ನಂಬರು ಬೇಡ.
ಗೋಡೆಯ ಮೇಲೆ ಸೀಸದ ಕಡ್ಡಿಯಲ್ಲಿ
ಬೆವನ್ನನ ಅಪ್ಪ ಎಂದೋ ಗೀಚಿದ ನಂಬರಿಗೆ,
ಮುಂದೆ ಎರಡಂಕಿ ಸೇರಿಸಿ, ಕರೆ ಮಾಡುತ್ತೇನೆ.
ಅತ್ತ ಮುದುಕ ಹಾರ್ಮರ್, ಹಲೋ ಅನ್ನುವ ಮೊದಲು
ಒಂದು ದೀರ್ಘ ಕೆಮ್ಮು.

ಪೆನ್ನು ಹಿಡಿದು ಕಾಯುತ್ತೇನೆ,
ಅದು ಪೂರ್ತಿ ಮುಗಿಯುವ ತನಕ.