ಆಕ್ಷೇಪಣೆ ಸಂಖ್ಯೆ ಹದಿನೇಳು

ಹಾಸನಾಂಬೆಯ ಬಾಗಿಲು ಮುಚ್ಚಿ ವಾರವಾಯಿತು.
ಸಾಲು ಕರಗಿಲ್ಲ, ಜಾಗ ಬದಲಿಸಿದೆ ಅಷ್ಟೆ.
ಸಾಲಗಾಮೆ ರಸ್ತೆಯ ಈ ಕೋಣೆಯ ಮುಂದೆ
ಮಾಜಿ ಸೈನಿಕರು, ಸೈನಿಕರ ಹೆಂಡಂದಿರು,
ಬದುಕಿದ್ದೇವೆ ಎಂದು ಬರೆದುಕೊಡಲು ಬಂದವರು.

ನನಗಿಲ್ಲಿ ಸಂಬಳವಿಲ್ಲ.
ಮಂಗಳವಾರ, ಶುಕ್ರವಾರ ಬಂದು ಅರ್ಜಿ ತುಂಬಿಕೊಡುತ್ತೇನೆ.
ಮೂವತ್ತೊಂದು ವರ್ಷ ರಕ್ಷಣಾ ಲೆಕ್ಕಪತ್ರದ ಕಚೇರಿಯಲ್ಲಿ
ಹಸಿರು ಶಾಯಿಯಿಂದ ಸೈನ್ಯ ನೋಡಿದವಳು.

ಸೈನ್ಯವೆಂದರೆ, ನಾನು ಕಂಡಂತೆ,
ಮಂಜೂರಾದ ಹುದ್ದೆ, ಭರ್ತಿಯಾದ ಹುದ್ದೆ,
ನಡುವೆ ಒಂದು ಕಳೆಯುವ ಚಿಹ್ನೆ.
ಅಡುಗೆಯವರು ಹದಿನಾಲ್ಕು ಬೇಕು, ಒಂಬತ್ತಿದ್ದಾರೆ.
ದರ್ಜಿ ಒಬ್ಬ ಬೇಕು, ಇಲ್ಲ.
ಖಾಲಿ ಹುದ್ದೆಯೂ ಗರ್ಭಗುಡಿಯ ದೀಪದ ಹಾಗೆ,
ಮುಚ್ಚಿದ ಕದದ ಹಿಂದೆ ವರ್ಷವಿಡೀ ಉರಿಯುತ್ತದೆ ಅಂತ
ನಂಬಬೇಕು. ತೆಗೆದು ನೋಡುವಂತಿಲ್ಲ.

ಮಾರ್ಚಿಯಲ್ಲಿ ಮಾತ್ರ ದುಡ್ಡಿಗೆ ಕಾಲು ಬರುತ್ತಿತ್ತು.
ಮೂವತ್ತೊಂದರ ರಾತ್ರಿ ಉಳಿದದ್ದೆಲ್ಲ ದೆಹಲಿಗೆ ವಾಪಸು;
ಅದಕ್ಕೇ ಬೀಗ, ಮೇಜು, ಬಣ್ಣದ ಡಬ್ಬ,
ಕೈಗೆ ಸಿಕ್ಕಿದ್ದಕ್ಕೆ ಬಿಲ್ಲು.
ಒಂದು ಸಲ ಒಂಟೆಯ ಮೂಗುದಾರ ಬಂದಿತ್ತು,
ಒಂಟೆಯಿಲ್ಲದ ತುಕಡಿಗೆ.

“ಮುಂದಿನವರು” ಅಂದೆ.
ಕೊಣನೂರಿನ ಹವಾಲ್ದಾರ್ ಚೆಲುವೇಗೌಡರು,
ಅಂಗಿಗೆ ತಂಬಾಕು ಬ್ಯಾರನ್ನಿನ ವಾಸನೆ,
ಬಲಗೈ ಜೇಬಿನೊಳಗೆ.
ಯಂತ್ರದ ಮೇಲೆ ಎಡ ಹೆಬ್ಬೆರಳಿಟ್ಟರು. ಕೆಂಪು ದೀಪ.
ಒರೆಸಿಕೊಂಡು ಇಟ್ಟರು. ಕೆಂಪು.
ಬಲಗೈ ಕೊಡಿ ಅಂದೆ.
ಕೊಟ್ಟರು. ಮೂರು ಬೆರಳಿರಲಿಲ್ಲ.
ಉಳಿದೆರಡು ಸವೆದ ನಾಣ್ಯದಂತೆ ನುಣ್ಣಗೆ.

“ತೊಂಬತ್ತಾರರ ಜನವರಿ ಕಣಮ್ಮ.
ಹೊಸ ಗವಸು ಬತ್ತದೆ ಬತ್ತದೆ ಅಂತಿದ್ರು.
ಹಳೇವು ಇಬ್ಬರಿಗೆ ಒಂದು ಜೊತೆ.
ಪಾಳಿ ಇಳಿದೋನು ಬಿಚ್ಚಿ ಕೊಡೋನು,
ಅವನ ಬಿಸಿ ಇರೋವರೆಗೂ ನಂಗೆ ಬೆಚ್ಚಗೆ.”

ತೊಂಬತ್ತೈದರ ಅಕ್ಟೋಬರ್.
ಉಣ್ಣೆಯ ಕೈಗವಸು, ಇನ್ನೂರ ಹನ್ನೆರಡು ಜೊತೆ.
ದರಪಟ್ಟಿ ಎರಡೇ ಇವೆ, ಮೂರು ಬೇಕು.
ಆಕ್ಷೇಪಣೆ ಸಂಖ್ಯೆ ಹದಿನೇಳು, ಕೆಳಗೆ ನನ್ನ ಸಹಿ.
ಕಡತ ಮರಳಿದ್ದು ಏಪ್ರಿಲ್‌ನಲ್ಲಿ,
ಮೂರನೆಯ ದರ ಹೊತ್ತುಕೊಂಡು, ಹಣ ಕಳೆದುಕೊಂಡು.

ಅದೇ ಗವಸೋ ಅಲ್ಲವೋ.
ಎಷ್ಟು ಚೌಕಿ, ಎಷ್ಟು ಚಳಿಗಾಲ, ಎಷ್ಟು ಮೇಜು.
ನಿಯಮಕ್ಕೆ ಬುದ್ಧಿಯಿಲ್ಲ ಅನ್ನಲಾರೆ:
ಅದಕ್ಕೂ ಹಿಂದೆ ಒಂದೇ ದರ ನಂಬಿ ಕೊಂಡ ಉಣ್ಣೆ
ಮೊದಲ ಒಗೆತಕ್ಕೇ ಹತ್ತಿಯಾಗಿತ್ತು.
ಆಗ ಹೋದ ಬೆರಳುಗಳೂ ಯಾರದೋ ಸಹಿಯ ಕೆಳಗಿವೆ.
ಮೂರನೆಯದು ಕೇಳಿದ್ದು ತಪ್ಪಲ್ಲ.
ಕೇಳಿ, ಊಟಕ್ಕೆ ಎದ್ದು ಹೋದೆನಲ್ಲ,
ಅದು.

“ಮಿಷನ್ನು ನಾನು ಸತ್ತೆ ಅಂತದಾ?”
ಇಲ್ಲ, ಕಣ್ಣು ತೋರಿಸಿ ಅಂದೆ.
ಕ್ಯಾಮೆರಾದೊಳಗೆ ನೋಡಿದರು, ಗಡಿ ನೋಡುವ ಹಾಗೆ,
ರೆಪ್ಪೆ ಬಡಿಯದೆ. ಹಸಿರು ದೀಪ.
ನನ್ನ ಶಾಯಿಯದೇ ಹಸಿರು.

ಗುರುತಿನ ಚಿಹ್ನೆ ಎಂಬಲ್ಲಿ ನನ್ನ ಪೆನ್ನು ನಿಂತಿತು.
“ಕೆನ್ನೆ ಮೇಲೆ ಮಚ್ಚೆ ಅದೆ, ಬರೀರಿ.
ಬೆರಳು ಬ್ಯಾಡ. ಇಲ್ಲದ್ದು ಎಂಗೆ ಗುರುತಾಯ್ತದೆ?”
ಮಚ್ಚೆ ಅಂತ ಬರೆದೆ. ಬೇರೇನೂ ಹೇಳಲಿಲ್ಲ.

ಎದ್ದವರು ಬಾಗಿಲಲ್ಲಿ ತಿರುಗಿದರು:
“ತಂಗಿ ಮಗ ಭರ್ತಿಗೆ ಅಂತ ಸ್ಟೇಡಿಯಮ್ಮಲ್ಲಿ ಓಡ್ತಾವ್ನೆ.
ಎಷ್ಟು ಹುದ್ದೆ ಅಂತ ನಿಮಗೇನಾರ ಗೊತ್ತಾ?”
ಮಂಜೂರಾದದ್ದೋ, ಭರ್ತಿಯಾಗುವುದೋ ಅಂತ
ನಾಲಿಗೆಯ ತುದಿಗೆ ಬಂತು.
ಗೊತ್ತಿಲ್ಲ ಅಂದೆ.
“ಗವಸು ಒಂದು ಜೊತೆ ನಾನೇ ಕೊಡಿಸ್ತೀನಿ ಬುಡಿ”
ಅಂದು ಕೊಣನೂರಿನ ಬಸ್ಸಿಗೆ ಹೋದರು.

ಒಂದು ಗಂಟೆ. ಕುರ್ಚಿಗಳು ಸರಿದವು.
ನಾನು ಏಳಲಿಲ್ಲ. “ಮುಂದಿನವರು” ಅಂದೆ.
ಮುಂದಿನವರು
ಊಟಕ್ಕೆ ಹೋಗಿದ್ದರು.